ಅಲಾರಾಂ ಒಂದೇ ಸಾಲದು: ಎಚ್‌ಐವಿ ಮಾತ್ರೆ ತಪ್ಪದ ಹಾಗೆ ಫೋನನ್ನು ಬಳಸುವುದು ಹೇಗೆ?

ಎಚ್‌ಐವಿ ಚಿಕಿತ್ಸೆ ಶುರುವಾದ ದಿನ ಎಲ್ಲರಿಗೂ ಸಿಗುವ ಸಲಹೆ ಒಂದೇ. "ಫೋನಲ್ಲಿ ಒಂದು ಅಲಾರಾಂ ಇಟ್ಟುಕೊಂಡುಬಿಡಿ." ಇಟ್ಟುಕೊಳ್ಳುತ್ತಾರೆ. ಎರಡು ಮೂರು ವಾರ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಒಂದು ದಿನ ಅಲಾರಾಂ ಹೊಡೆಯುವಾಗ ಎದುರಿಗೆ ಯಾರೋ ಕೂತಿರುತ್ತಾರೆ. ಕೈ ತಾನಾಗಿ ಅದನ್ನು ಆಫ್ ಮಾಡಿಬಿಡುತ್ತದೆ. ಅವರು ಹೋದ ಮೇಲೆ ತೆಗೆದುಕೊಂಡರಾಯಿತು ಅನ್ನಿಸುತ್ತದೆ. ಮತ್ತೆ ನೆನಪಾಗುವುದು ಮರುದಿನ ಬೆಳಗ್ಗೆಯೇ.

ನನ್ನ ಆಪ್ತರೊಬ್ಬರ ಮಾತ್ರೆಗೆ ನಾನು 6 ವರ್ಷದಿಂದ ಜೊತೆಗಾರ್ತಿ. ಅಷ್ಟು ದಿನದಲ್ಲಿ ನನಗೆ ಮನದಟ್ಟಾಗಿರುವುದು ಇಷ್ಟು: ಅಲಾರಾಂ ಹೊತ್ತನ್ನು ನೆನಪಿಸುತ್ತದೆ, ಅಷ್ಟೇ. ಮಾತ್ರೆ ತಪ್ಪದೆ ಇರಬೇಕಾದರೆ ಫೋನಿನ ಆ ಕಡೆ ಒಬ್ಬ ಮನುಷ್ಯ ಇರಬೇಕು. ಹಾಗೆಯೇ ಆ ಫೋನು ನಿಮ್ಮ ಗುಟ್ಟನ್ನು ಕಾಪಾಡಬೇಕು. ಇವೆರಡನ್ನೂ ಮಾಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು, ಒಂದು ಮಾತ್ರೆಗೆ ಇಷ್ಟೊಂದು ಯಾಕೆ?

ಎಚ್‌ಐವಿ ದೇಹದಲ್ಲಿ ತನ್ನ ನಕಲುಗಳನ್ನು ಬಹಳ ಬೇಗ ಮಾಡಿಕೊಳ್ಳುವ ವೈರಸ್. ಮಾತ್ರೆ ಈ ನಕಲು ಮಾಡುವ ಕೆಲಸವನ್ನು ತಡೆಯುತ್ತದೆ. ಆದರೆ ವೈರಸ್ಸನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಸ್ವಲ್ಪ ವೈರಸ್ ಕೆಲವು ಜೀವಕೋಶಗಳ ಒಳಗೆ ಅಡಗಿ ಕೂತೇ ಇರುತ್ತದೆ. ರಕ್ತದಲ್ಲಿ ಔಷಧ ಕಡಿಮೆಯಾದರೆ ಅದು ಮತ್ತೆ ಎದ್ದು ಕೂರುತ್ತದೆ. ಮಾತ್ರೆ ಪೂರ್ತಿ ನಿಲ್ಲಿಸಿದವರಲ್ಲಿ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇವತ್ತು ತೆಗೆದುಕೊಂಡು, ನಾಳೆ ಬಿಟ್ಟು, ನಾಡಿದ್ದು ಮತ್ತೆ ತೆಗೆದುಕೊಂಡರೆ ರಕ್ತದಲ್ಲಿ ಔಷಧ ಅರೆಬರೆ ಇರುತ್ತದೆ. ವೈರಸ್ಸನ್ನು ತಡೆಯಲು ಅಷ್ಟು ಸಾಲದು. ಆದರೆ ಆ ಔಷಧಕ್ಕೆ ಬಗ್ಗದ ವೈರಸ್ ಬೆಳೆಯಲು ಅಷ್ಟು ಸಾಕು. ಹಾಗಾದರೆ ಔಷಧವನ್ನೇ ಬದಲಾಯಿಸಬೇಕಾಗುತ್ತದೆ. ಮುಂದೆ ಆಯ್ಕೆಗಳೂ ಕಡಿಮೆಯಾಗುತ್ತಾ ಹೋಗುತ್ತವೆ.

ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಒಳ್ಳೆಯ ಮಾತೂ ಅಷ್ಟೇ ನಿಜ. ತಪ್ಪದೆ ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ 6 ತಿಂಗಳೊಳಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಅದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದ ವಿಷಯ.

ಈಗ ಬಹಳ ಜನ ತೆಗೆದುಕೊಳ್ಳುವುದು ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೆ ಒಂದು ಸಲ. ಹಿಂದಿನ ಔಷಧಗಳಿಗೆ ಹೋಲಿಸಿದರೆ ಅಪರೂಪಕ್ಕೆ ಆಗುವ ಮರೆವನ್ನು ಇದು ಸ್ವಲ್ಪ ತಡೆದುಕೊಳ್ಳುತ್ತದೆ. ಹಾಗಂತ ಸಲಿಗೆ ತೆಗೆದುಕೊಳ್ಳುವ ಹಾಗಿಲ್ಲ. ನೂರರಲ್ಲಿ 95 ಮಾತ್ರೆಯಾದರೂ ತಪ್ಪದೆ ತೆಗೆದುಕೊಳ್ಳಬೇಕು ಅನ್ನುವ ಶೇ 95ರ ಲೆಕ್ಕವನ್ನು ನೀವು ಕೇಳಿರಬಹುದು. ತಿಂಗಳಿಗೆ 30 ಮಾತ್ರೆ ಅಂದರೆ, ಆ ಲೆಕ್ಕದಲ್ಲಿ ತಪ್ಪಬಹುದಾದದ್ದು ಒಂದೇ ಒಂದು.

ಹೆಜ್ಜೆ 1: ಹೊತ್ತನ್ನು ಆರಿಸಿ, ಆಮೇಲೆ ಅಲಾರಾಂ

ಜಾಸ್ತಿ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸುಮ್ನೆ ರಾತ್ರಿ 9 ಗಂಟೆ ಅಂತ ಇಟ್ಟುಬಿಡುತ್ತಾರೆ. ಆ ಹೊತ್ತಿಗೆ ತಾವು ಎಲ್ಲಿರುತ್ತೇವೆ, ಜೊತೆಗೆ ಯಾರಿರುತ್ತಾರೆ ಅಂತ ಯೋಚಿಸಿರುವುದಿಲ್ಲ.

ಒಂದು ವಾರ ಸುಮ್ಮನೆ ನಿಮ್ಮ ದಿನವನ್ನು ಗಮನಿಸಿ. ರಜಾ ಇರಲಿ, ಕೆಲಸ ಇರಲಿ, ದಿನಾ ತಪ್ಪದೆ ಮಾಡುವ ಕೆಲಸ ಯಾವುದು? ಹಲ್ಲುಜ್ಜುವುದೋ, ಫೋನ್ ಚಾರ್ಜಿಗೆ ಹಾಕುವುದೋ, ಮಲಗುವ ಮುಂಚೆ ಬಾಗಿಲ ಚಿಲಕ ನೋಡುವುದೋ? ಅದರಲ್ಲಿ ನೀವು ಒಬ್ಬರೇ ಇರುವ ಹೊತ್ತು ಯಾವುದು? ಮಾತ್ರೆಯನ್ನು ಆ ಕೆಲಸಕ್ಕೆ ಗಂಟು ಹಾಕಿ. ಅಲಾರಾಂ ಆ ಹೊತ್ತಿಗೇ ಬರಲಿ.

ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ಸಾಮಾನ್ಯವಾಗಿ ಊಟದ ಜೊತೆಗೂ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು. ಹಾಗಾಗಿ ಹೊತ್ತನ್ನು ಆರಿಸುವುದು ಸುಲಭ. ಎಫಾವಿರೆನ್ಜ್ ಇರುವ ಮಾತ್ರೆಯಾದರೆ ತಲೆ ತಿರುಗುವುದು, ವಿಚಿತ್ರ ಕನಸು ಬೀಳುವುದು ಇರುತ್ತದೆ. ಅದಕ್ಕೇ ಅದನ್ನು ಮಲಗುವ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಿ ಅನ್ನುತ್ತಾರೆ. ನಿಮ್ಮ ಮಾತ್ರೆ ಯಾವುದು ಅಂತ ಕೇಳಿ ತಿಳಿದುಕೊಂಡೇ ಹೊತ್ತು ಗೊತ್ತುಮಾಡಿ.

ಅಸಿಡಿಟಿ ಔಷಧ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಿ. ಅಲ್ಯುಮಿನಿಯಂ ಅಥವಾ ಮೆಗ್ನೀಸಿಯಂ ಇರುವ ಅಸಿಡಿಟಿ ಔಷಧ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಎಚ್‌ಐವಿ ಮಾತ್ರೆಯನ್ನು ಅದಕ್ಕೆ 2 ಗಂಟೆ ಮೊದಲು ತೆಗೆದುಕೊಳ್ಳಬೇಕು, ಇಲ್ಲವೇ 6 ಗಂಟೆ ಆದ ಮೇಲೆ. ಕಬ್ಬಿಣ, ಕ್ಯಾಲ್ಸಿಯಂಗೂ ಇದೇ ಅಂತರ. ಆದರೆ ಊಟದ ಜೊತೆಯಲ್ಲಾದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯನ್ನು ಎಚ್‌ಐವಿ ಮಾತ್ರೆಯ ಜೊತೆಗೇ ತೆಗೆದುಕೊಳ್ಳಬಹುದು. ದಿನಾ ತಪ್ಪದೆ ಮಾತ್ರೆ ನುಂಗಿಯೂ ಅದು ಕೆಲಸ ಮಾಡದೆ ಹೋದರೆ ಎಷ್ಟು ಬೇಜಾರು, ಅಲ್ವಾ? ಈ ಎರಡನೆಯ ಔಷಧಕ್ಕೂ ಬೇರೆ ಅಲಾರಾಂ ಇಟ್ಟುಕೊಳ್ಳಿ. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಅದನ್ನು ವೈದ್ಯರೇ ಬರೆದುಕೊಡಬೇಕು.

ಹೆಜ್ಜೆ 2: ಅಲಾರಾಂ ಇಡುವ ರೀತಿ

ಅಲಾರಾಮಿಗೆ ಹೆಸರು ಕೊಡುವಾಗ "ಮಾತ್ರೆ" ಅಂತಲೂ ಬರೆಯಬೇಡಿ. ನಿಮಗೆ ಮಾತ್ರ ಅರ್ಥವಾಗುವ, ಬೇರೆಯವರಿಗೆ ಕುತೂಹಲ ಹುಟ್ಟಿಸದ ಹೆಸರು ಇರಲಿ. "ನೀರು ಕುಡಿ", "ಗಿಡಕ್ಕೆ ನೀರು", "ಚಾರ್ಜರ್" ಹೀಗೆ. ರಿಂಗ್‌ಟೋನ್ ಕೂಡ ಬೇರೆಯದೇ ಇರಲಿ. ಬೆಳಗ್ಗೆ ಏಳಿಸುವ ಸದ್ದೇ ಇದಕ್ಕೂ ಇದ್ದರೆ ಕೈ ಅಭ್ಯಾಸದಂತೆ ಅದನ್ನು ಬಾಯಿ ಮುಚ್ಚಿಸುತ್ತದೆ.

"ಪ್ರತಿದಿನ" ಅಂತ ಆರಿಸಿದ್ದೀರಾ ನೋಡಿ. ವಾರದ ದಿನಗಳಿಗೆ ಮಾತ್ರ ಇಟ್ಟು ಭಾನುವಾರ ಮರೆಯುವವರು ಇದ್ದಾರೆ. ಕೆಲವು ಫೋನುಗಳಲ್ಲಿ "ತೊಂದರೆ ಕೊಡಬೇಡಿ" ಸೆಟ್ಟಿಂಗ್ ಅಲಾರಾಮಿನ ಸದ್ದನ್ನೂ ನುಂಗುತ್ತದೆ. ಅದನ್ನೂ ಪರೀಕ್ಷೆ ಮಾಡಿ. ಮೊದಲ ಅಲಾರಾಮಿನ 30 ನಿಮಿಷದ ನಂತರ ಇನ್ನೊಂದು ಇರಲಿ.

ಇದರಲ್ಲಿ ಒಂದು ನಿಯಮವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಮಾತ್ರೆ ಬಾಯಿಗೆ ಹೋಗುವವರೆಗೆ ಅಲಾರಾಮನ್ನು ಪೂರ್ತಿ ಆಫ್ ಮಾಡಬೇಡಿ. ಈಗ ಆಗುವುದಿಲ್ಲ ಅಂದರೆ ಸ್ನೂಜ್ ಒತ್ತಿ. ಅದು 10 ನಿಮಿಷಕ್ಕೊಮ್ಮೆ ಕಾಡಲಿ ಬಿಡಿ. ನನ್ನ ಆಪ್ತರು ಮಾತ್ರೆ ತಪ್ಪಿಸಿದ ದಿನಗಳನ್ನು ಒಮ್ಮೆ ಕೂತು ನೆನಪಿಸಿಕೊಂಡೆವು. ಹೆಚ್ಚಿನ ದಿನ ಅಲಾರಾಂ ಹೊಡೆದಿತ್ತು, ಅವರು ಕೇಳಿಸಿಕೊಂಡೂ ಇದ್ದರು. ಆಫ್ ಮಾಡಿ ಎದ್ದು ಹೋಗುವಾಗ ನಡುವೆ ಒಂದು ಫೋನ್ ಕಾಲ್, ಒಂದು ಮಾತು, ಒಂದು ಕೆಲಸ ಬಂದಿತ್ತು, ಅಷ್ಟೇ.

"ತೆಗೆದುಕೊಂಡೆನಾ ಇಲ್ವಾ?" ಅನ್ನುವ ಗೊಂದಲ ಇನ್ನೊಂದು. ಇದಕ್ಕೆ ಫೋನಿಗಿಂತ ಏಳು ಖಾನೆಯ ಮಾತ್ರೆ ಡಬ್ಬಿಯೇ ಒಳ್ಳೆಯದು. ಇವತ್ತಿನ ಖಾನೆ ಖಾಲಿ ಇದ್ದರೆ ತೆಗೆದುಕೊಂಡಿದ್ದೀರಿ. ಆದರೆ ನಿಮ್ಮ ಮಾತ್ರೆಯನ್ನು ಬಾಟಲಿಯಿಂದ ಹೊರಗೆ ಇಡಬಹುದೇ ಅಂತ ಮೊದಲು ಕೇಳಿಕೊಳ್ಳಿ, ಕೆಲವಕ್ಕೆ ತೇವ ಆಗುವುದಿಲ್ಲ. ಡಬ್ಬಿ ಇಡಲು ಆಗದ ಮನೆಯಾದರೆ, ನುಂಗಿದ ತಕ್ಷಣ ಫೋನಿನ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ.

ಹೆಜ್ಜೆ 3: ಫೋನು ಬಾಯಿಬಿಡದ ಹಾಗೆ ಮಾಡಿ

ಇಲ್ಲಿ ಆತುರ ಬೇಡ. ಗುಟ್ಟು ಹೊರಬೀಳುತ್ತದೆ ಅನ್ನುವ ಭಯ ಎಷ್ಟೋ ಜನರ ಮಾತ್ರೆಯನ್ನು ತಪ್ಪಿಸಿದೆ. ಫೋನಿನ ನೆರವು ಆ ಭಯವನ್ನು ಜಾಸ್ತಿ ಮಾಡಿದರೆ ಅದರಿಂದ ಉಪಯೋಗವೇ ಇಲ್ಲ.

ಮೊದಲು ಲಾಕ್ ಸ್ಕ್ರೀನ್. ಮೆಸೇಜ್ ಬಂದಾಗ ಅದರೊಳಗಿನ ಮಾತು ಪರದೆಯ ಮೇಲೆ ಕಾಣದ ಹಾಗೆ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ಬದಲಾಯಿಸಿ. ಪಿನ್ ಅಥವಾ ಬೆರಳಚ್ಚಿನ ಲಾಕ್ ಹಾಕಿ.

ಆಮೇಲೆ ಫೋಟೊಗಳು. ವರದಿಯ, ಚೀಟಿಯ, ಮಾತ್ರೆ ಡಬ್ಬಿಯ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಆದರೆ ಗ್ಯಾಲರಿ ತಾನಾಗಿ ಬ್ಯಾಕಪ್ ಆಗುತ್ತಿದ್ದರೆ, ಅದೇ ಖಾತೆ ಮನೆಯ ಟ್ಯಾಬ್ಲೆಟ್ಟಿನಲ್ಲೋ ಟಿವಿಯಲ್ಲೋ ತೆರೆದಿದ್ದರೆ, ಆ ಫೋಟೊ ಅಲ್ಲೂ ಬರುತ್ತದೆ. ಕ್ಯಾಲೆಂಡರ್ ಕೂಡ ಹಾಗೆಯೇ. ಲಾಕ್ ಇರುವ ಫೋಲ್ಡರ್ ಬಳಸಿ.

ಗುಂಪುಗಳ ವಿಷಯಕ್ಕೆ ಬಂದರೆ, ವಾಟ್ಸಾಪಿನಂಥ ಗುಂಪಿಗೆ ಸೇರಿದ ಕೂಡಲೇ ನಿಮ್ಮ ನಂಬರ್ ಅಲ್ಲಿರುವ ಎಲ್ಲರಿಗೂ ಕಾಣಬಹುದು. ಹೆಸರು ಮತ್ತು ಪ್ರೊಫೈಲ್ ಫೋಟೊ ಕೂಡ. ಒಂದೇ ದಾರಿಯಲ್ಲಿ ನಡೆಯುತ್ತಿರುವವರ ಜೊತೆ ಮಾತಾಡುವುದು ದೊಡ್ಡ ಬಲ, ಅದನ್ನು ಕಳೆದುಕೊಳ್ಳಿ ಅನ್ನುವುದಿಲ್ಲ. ಸೇರುವ ಮುಂಚೆ ಯಾರು ನಡೆಸುತ್ತಾರೆ, ಯಾರನ್ನು ಸೇರಿಸಿಕೊಳ್ಳುತ್ತಾರೆ ಅಂತ ಕೇಳಿ. ಅನುಮಾನ ಇದ್ದರೆ ಒಬ್ಬರ ಜೊತೆ ಒಬ್ಬರು ಮಾತಾಡುವುದೇ ಸಾಕು.

ಮನೆಯಲ್ಲಿ ಒಂದೇ ಫೋನ್ ಇರುವವರೂ ಇದ್ದಾರೆ. ಅವರಿಗೆ ಮೆಸೇಜಿಗಿಂತ ಗೊತ್ತಾದ ಹೊತ್ತಿಗೆ ಬರುವ ಕಾಲ್ ವಾಸಿ. ಕರೆ ಮಾಡುವವರು ಮೊದಲು ಒಂದು ಗುರುತಿನ ಪ್ರಶ್ನೆ ಕೇಳಲಿ. ಸರಿಯಾದ ಉತ್ತರ ಬಾರದಿದ್ದರೆ "ರಾಂಗ್ ನಂಬರ್" ಅಂತ ಇಟ್ಟುಬಿಡಲಿ. ಚಿಕಿತ್ಸಾ ಕೇಂದ್ರದ ಮೆಸೇಜುಗಳನ್ನು ಒಪ್ಪಿಕೊಳ್ಳುವಾಗಲೂ ಒಂದು ಮಾತು ಕೇಳಲೇಬೇಕು: "ನಿಮ್ಮ ಮೆಸೇಜಿನಲ್ಲಿ ಯಾವ ಯಾವ ಪದ ಇರುತ್ತದೆ?" ರೋಗದ ಹೆಸರು, ಔಷಧದ ಹೆಸರು, ಕೇಂದ್ರದ ಹೆಸರು ಮೂರೂ ಅದರಲ್ಲಿ ಇರಬಾರದು. ಇದನ್ನು ಕೇಳುವುದು ನಿಮ್ಮ ಹಕ್ಕು.

ನಂಬರ್ ಬದಲಾಯಿಸಿದರೆ ಅದೇ ದಿನ ಕೇಂದ್ರಕ್ಕೆ ತಿಳಿಸಿ. ಬಿಟ್ಟ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತವೆ. ನಿಮಗೆ ಬರಬೇಕಾದ ಮೆಸೇಜ್ ಆಮೇಲೆ ಯಾರದೋ ಕೈಗೆ ಹೋಗುತ್ತದೆ.

ಹೆಜ್ಜೆ 4: ಆ ಕಡೆ ಒಬ್ಬ ಮನುಷ್ಯ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಕೆನ್ಯಾದಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. 538 ಜನ ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ವಾರಕ್ಕೊಂದು ಚಿಕ್ಕ ಮೆಸೇಜ್ ಹೋಗುತ್ತಿತ್ತು. ಅದರಲ್ಲಿ ಮಾತ್ರೆಯ ಮಾತೇ ಇಲ್ಲ. ಸ್ವಾಹಿಲಿ ಭಾಷೆಯಲ್ಲಿ "ಮಾಂಬೊ?" ಅಂತ ಇರುತ್ತಿತ್ತು, ಅಂದರೆ "ಹೇಗಿದ್ದೀರಿ?" 48 ಗಂಟೆಯೊಳಗೆ ಉತ್ತರ ಕೊಡಬೇಕು. ಚೆನ್ನಾಗಿದ್ದರೆ "ಸಾವಾ", ತೊಂದರೆ ಇದ್ದರೆ "ಶಿದಾ". ತೊಂದರೆ ಅಂದವರಿಗೂ ಉತ್ತರ ಕೊಡದವರಿಗೂ ಆರೋಗ್ಯ ಸಿಬ್ಬಂದಿ ಫೋನ್ ಮಾಡುತ್ತಿದ್ದರು. ಮೆಸೇಜ್ ಬಂದವರ ಗುಂಪಿನಲ್ಲಿ ಶೇ 62ರಷ್ಟು ಜನ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿದ್ದರು. ಬಾರದವರಲ್ಲಿ ಅದು ಶೇ 50. ವೈರಸ್ ಹತೋಟಿಗೆ ಬಂದವರು ಶೇ 57, ಇನ್ನೊಂದು ಗುಂಪಿನಲ್ಲಿ ಶೇ 48.

ಅದೇ ದೇಶದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ವಾರಕ್ಕೊಮ್ಮೆ ನೆನಪಿಸಿದಾಗ ಉಪಯೋಗವಾಯಿತು, ದಿನಾ ನೆನಪಿಸಿದಾಗ ಆಗಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ದಿನಾ ಬರುವ ಒಂದೇ ಮೆಸೇಜನ್ನು ಮೂರನೇ ವಾರದಿಂದ ಯಾರೂ ಓದುವುದಿಲ್ಲ. ದಕ್ಷಿಣ ಭಾರತದಲ್ಲಿ 631 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಹೇಳಬೇಕು. ಅಲ್ಲಿ ವಾರಕ್ಕೊಮ್ಮೆ ಯಂತ್ರದಿಂದ ತಾನಾಗಿ ಬರುವ ಧ್ವನಿ ಕರೆ, ಜೊತೆಗೆ ಚಿತ್ರದ ಮೆಸೇಜ್ ಇತ್ತು. ಚಿಕಿತ್ಸೆಯ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಾಗ ಬೇರೆ, ಜನ ಬೇರೆ, ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ನನಗೆ ಅನ್ನಿಸುವುದು ಇದು: "ತೊಂದರೆ ಇದೆ" ಅಂದಾಗ ತಿರುಗಿ ಫೋನ್ ಮಾಡುವ ಮನುಷ್ಯ ಇರುವುದೇ ದೊಡ್ಡ ವ್ಯತ್ಯಾಸ.

ಇದನ್ನು ನೀವೇ ಮಾಡಿಕೊಳ್ಳಬಹುದು. ದೊಡ್ಡ ಯೋಜನೆ ಬೇಕಿಲ್ಲ. ನಿಮ್ಮ ವಿಷಯ ಗೊತ್ತಿರುವ, ಬಾಯಿ ಭದ್ರ ಇರುವ ಒಬ್ಬರನ್ನು ಆರಿಸಿ. ಸಂಗಾತಿ, ಅಕ್ಕ, ಸ್ನೇಹಿತ, ಕೇಂದ್ರದ ಕೌನ್ಸೆಲರ್, ಯಾರಾದರೂ ಸರಿ. ಯಾರಿಗೂ ಹೇಳಿಲ್ಲ ಅಂದರೆ ಕೌನ್ಸೆಲರ್ ಹತ್ತಿರವೇ ಕೇಳಿ. ಇದೇ ಚಿಕಿತ್ಸೆಯಲ್ಲಿ ಹಲವು ವರ್ಷ ಕಳೆದವರು ಹೊಸಬರಿಗೆ ಜೊತೆಯಾಗುವ ವ್ಯವಸ್ಥೆ ಎಷ್ಟೋ ಕಡೆ ಇದೆ.

ವಾರಕ್ಕೆ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಅವರು "ಹೇಗಿದ್ದೀಯಾ?" ಅಂತ ಕಳಿಸಲಿ. ನೀವು ಒಂದು ಪದದಲ್ಲಿ ಉತ್ತರಿಸಿ. ಎಲ್ಲ ಸರಿ ಇದ್ದರೆ "ಆರಾಮ್". ಒಂದೆರಡು ದಿನ ತಪ್ಪಿದ್ದರೆ, ಹೊಟ್ಟೆ ಕೆಟ್ಟಿದ್ದರೆ, ಮನಸ್ಸು ಸರಿ ಇಲ್ಲದಿದ್ದರೆ "ಮಾತಾಡೋಣ". ಎರಡು ದಿನದೊಳಗೆ ಉತ್ತರ ಬಾರದಿದ್ದರೆ ಅವರೇ ಫೋನ್ ಮಾಡಲಿ. ನಾವಿಬ್ಬರೂ ಮಾಡುತ್ತಿರುವುದು ಇಷ್ಟೇ. ಓದಲು ಬಾರದವರು ವಾಯ್ಸ್ ಮೆಸೇಜ್ ಕಳಿಸಬಹುದು. ಮಿಸ್ಡ್ ಕಾಲ್ ಕೂಡ ಸಾಕು: ಒಂದಾದರೆ ಆರಾಮ್, ಎರಡಾದರೆ ಮಾತಾಡೋಣ.

ಜೊತೆಗಾರರಿಗೆ ನನ್ನ ಒಂದು ಬೇಡಿಕೆ ಇದೆ. "ಮಾತ್ರೆ ತಗೊಂಡ್ಯಾ?" ಅಂತ ಶುರು ಮಾಡಬೇಡಿ. ಮೊದಲ ವರ್ಷ ನಾನು ಹಾಗೇ ಕೇಳುತ್ತಿದ್ದೆ. "ಹೂಂ" ಅನ್ನುವ ಉತ್ತರ ಬರುತ್ತಿತ್ತು. ಆ ಹೂಂಗಳಲ್ಲಿ ಕೆಲವು ನಿಜ ಅಲ್ಲ ಅಂತ ವೈರಲ್ ಲೋಡ್ ವರದಿ ಬಂದ ಮೇಲೆ ಗೊತ್ತಾಯಿತು. ನಾನು ಅವರನ್ನು ಪರೀಕ್ಷೆ ಮಾಡುತ್ತಿದ್ದೆ, ಅವರು ಪಾಸಾಗಲು ನೋಡುತ್ತಿದ್ದರು. ಈಗ "ಈ ವಾರ ಯಾವ ದಿನ ಕಷ್ಟ ಆಯ್ತು?" ಅಂತ ಕೇಳುತ್ತೇನೆ. ಕಷ್ಟ ಆಗಿಯೇ ಇರುತ್ತದೆ ಅಂತ ಒಪ್ಪಿಕೊಂಡ ಪ್ರಶ್ನೆ ಅದು. ಉತ್ತರವೂ ನಿಜವಾದದ್ದೇ ಬರುತ್ತದೆ. ತಪ್ಪಿತು ಅಂದಾಗ ಬೈಯಬೇಡಿ. ಒಂದು ಸಲ ಬೈದರೆ ಮುಂದಿನ ಸಲ ನಿಮಗೆ ಹೇಳುವುದಿಲ್ಲ.

ಹೆಜ್ಜೆ 5: ಮಾತ್ರೆ ತಪ್ಪಿದಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಡಿ

ತಪ್ಪಿದ ಹೊತ್ತಿನಲ್ಲಿ ಗಾಬರಿ ಇರುತ್ತದೆ. ಆಗ ಯೋಚನೆ ಸರಿಯಾಗಿ ಓಡುವುದಿಲ್ಲ. ಅದಕ್ಕೇ ಮುಂದಿನ ಭೇಟಿಯಲ್ಲಿ ಕೇಳಿಕೊಂಡು ಫೋನಿನ ನೋಟ್ಸಿನಲ್ಲಿ ಬರೆದುಕೊಳ್ಳಿ. "ಎಷ್ಟು ಗಂಟೆಯವರೆಗೆ ತಡವಾಗಿ ತೆಗೆದುಕೊಳ್ಳಬಹುದು? ವಾಂತಿಯಾದರೆ ಮತ್ತೆ ತೆಗೆದುಕೊಳ್ಳಬೇಕಾ? ಎಷ್ಟು ದಿನ ತಪ್ಪಿದರೆ ನಿಮಗೆ ಫೋನ್ ಮಾಡಬೇಕು?" ಡೊಲುಟೆಗ್ರಾವಿರ್ ಮಾತ್ರೆಗೆ ಸಾಮಾನ್ಯ ನಿಯಮ: ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಡೋಸಿಗೆ 4 ಗಂಟೆಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟು, ಮುಂದಿನದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಬೇರೆ ಔಷಧಗಳಿಗೆ ಈ ಲೆಕ್ಕ ಬೇರೆ. ಯಾವ ಔಷಧವೇ ಆಗಲಿ, ತಪ್ಪಿದ್ದನ್ನು ಸರಿಮಾಡಲು ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ.

ಹಲವು ದಿನ ಬಿಟ್ಟುಹೋಗಿದ್ದರೆ ನಾಚಿಕೊಂಡು ಕೂರದೆ ಕೇಂದ್ರಕ್ಕೆ ಫೋನ್ ಮಾಡಿ. ಹೆಪಟೈಟಿಸ್ ಬಿ ಕೂಡ ಇರುವವರು ಇನ್ನೂ ಬೇಗ ಮಾಡಬೇಕು. ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ. ಒಮ್ಮೆಲೇ ನಿಂತರೆ ಲಿವರಿಗೆ ಜೋರಾಗಿ ಪೆಟ್ಟು ಬೀಳಬಹುದು.

ಹೆಜ್ಜೆ 6: ಮಾತ್ರೆ ಮುಗಿಯುವ ದಿನ, ಪರೀಕ್ಷೆಯ ದಿನ

ಹೊಸ ಡಬ್ಬಿ ಕೈಗೆ ಬಂದ ದಿನವೇ ಮಾತ್ರೆ ಎಣಿಸಿ. ಮುಗಿಯುವ ದಿನಕ್ಕೆ 10 ದಿನ ಮುಂಚೆ ಒಂದು ನೆನಪು, 5 ದಿನ ಮುಂಚೆ ಇನ್ನೊಂದು ಇಡಿ. ಪ್ರಯಾಣ ಇದ್ದರೆ ನಾಲ್ಕೈದು ಮಾತ್ರೆ ಜಾಸ್ತಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಬೇರೆ ದೇಶಕ್ಕೆ ಹೋದರೆ ಫೋನಿನ ಗಡಿಯಾರ ಅಲ್ಲಿನ ಹೊತ್ತಿಗೆ ಬದಲಾಗುತ್ತದೆ, ಅಲಾರಾಂ ಕೂಡ ಅದನ್ನೇ ಹಿಂಬಾಲಿಸುತ್ತದೆ. ಹೊರಡುವ ಮುಂಚೆ ಲೆಕ್ಕ ಹಾಕಿಕೊಳ್ಳಿ.

ವೈರಲ್ ಲೋಡ್ ಪರೀಕ್ಷೆಯನ್ನು ಚಿಕಿತ್ಸೆ ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನೂ ಕ್ಯಾಲೆಂಡರಿಗೆ ಹಾಕಿ. ವಾರವಾರದ "ಆರಾಮ್" ನಿಜವಾಗಿಯೂ ಆರಾಮೇ ಅಂತ ಗೊತ್ತಾಗುವುದು ಅದರಿಂದ.

ಹೆಜ್ಜೆ 7: ಮರೆವು ಅಲ್ಲದಿದ್ದರೆ

ಕೆಲವೊಮ್ಮೆ ಅಲಾರಾಂ ಕೇಳುತ್ತದೆ, ಮಾತ್ರೆ ಕೈಯಲ್ಲೇ ಇರುತ್ತದೆ, ನುಂಗಲು ಮನಸ್ಸೇ ಬರುವುದಿಲ್ಲ. "ದಿನಾ ಇದನ್ನು ನೋಡಿದಾಗ ನನ್ನ ರೋಗವೇ ನೆನಪಾಗುತ್ತದೆ" ಅಂತ ನನ್ನ ಆಪ್ತರು ಒಂದು ರಾತ್ರಿ ಅಂದರು. ಅದಕ್ಕೆ ಇನ್ನೊಂದು ಅಲಾರಾಂ ಉತ್ತರ ಆಗುವುದಿಲ್ಲ. ಆವತ್ತು ನಾವು ಒಂದು ಗಂಟೆ ಮಾತಾಡಿದೆವು, ಮಾರನೇ ದಿನ ಅವರು ಕೌನ್ಸೆಲರ್ ಜೊತೆ ಮಾತಾಡಿದರು. ನಿದ್ದೆ ಬಾರದೆ, ಯಾವುದರಲ್ಲೂ ಆಸೆ ಇಲ್ಲದೆ ಎರಡು ವಾರ ಕಳೆದಿದ್ದರೆ ವೈದ್ಯರಿಗೆ ಹೇಳಿ. ಖಿನ್ನತೆಗೆ ಚಿಕಿತ್ಸೆ ಇದೆ. ಮಾತ್ರೆಯಿಂದಲೇ ನಿದ್ದೆ ಕೆಡುತ್ತಿದ್ದರೆ, ಹೊತ್ತನ್ನೋ ಔಷಧವನ್ನೋ ಬದಲಾಯಿಸಬಹುದು. ಅಡ್ಡಪರಿಣಾಮ ಕಂಡ ದಿನ, ಹೊತ್ತು, ಏನಾಯಿತು ಅಂತ ಫೋನಿನಲ್ಲಿ ಬರೆದೋ ಮಾತಾಡಿ ರೆಕಾರ್ಡ್ ಮಾಡಿಯೋ ಇಟ್ಟುಕೊಂಡರೆ ವೈದ್ಯರಿಗೆ ಹೇಳುವುದು ಸುಲಭ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಹೆಜ್ಜೆ 8: ಫೋನೇ ಇಲ್ಲದ ದಿನ

ಫೋನ್ ಕಳೆದುಹೋಗುತ್ತದೆ, ನೀರಿಗೆ ಬೀಳುತ್ತದೆ, ಚಾರ್ಜ್ ಮುಗಿಯುತ್ತದೆ. ಒಂದು ಚಿಕ್ಕ ಚೀಟಿಯಲ್ಲಿ ಜೊತೆಗಾರರ ನಂಬರನ್ನೂ ಕೇಂದ್ರದ ನಂಬರನ್ನೂ ಬರೆದು ಮಾತ್ರೆ ಡಬ್ಬಿಯ ಜೊತೆ ಇಡಿ. ಕೇಂದ್ರದ ಹೆಸರಿನ ಜಾಗದಲ್ಲಿ ಬೇರೆ ಯಾವುದಾದರೂ ಹೆಸರಿರಲಿ. ವಾರದ ಮೆಸೇಜಿಗೆ ನಿಮ್ಮಿಂದ ಉತ್ತರ ಬಾರದೆ, ಫೋನೂ ಹತ್ತದೆ ಇದ್ದರೆ ಎಲ್ಲಿಗೆ ಬಂದು ನೋಡಬೇಕು ಅಂತ ಜೊತೆಗಾರರಿಗೆ ಇವತ್ತೇ ಹೇಳಿಡಿ.